ಡ್ಯೂರರ್ ಚಿತ್ರದ ಮೇಲಿನ ಸಾಲು: ‘ಪ್ರೊಪ್ರಿಯಿಸ್ ಕೊಲೊರಿಬುಸ್’ ಕನ್ನಡದಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ.

ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1500ರಲ್ಲಿ ಬರೆದುಕೊಂಡ ತನ್ನದೇ ಚಿತ್ರದ ಬಗ್ಗೆ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಮರದ ಹಲಗೆಯ ಮೇಲಿನ ಈ ತೈಲಚಿತ್ರ ಈಗ ಮ್ಯೂನಿಕ್‌ನ ಆಲ್ಟೆ ಪಿನಕೋಥೆಕ್ ಕಲಾ ಸಂಗ್ರಹಾಲಯದಲ್ಲಿದೆ. ಹಿನ್ನೆಲೆ ಪೂರಾ ಕಪ್ಪು. ಬಲಗಡೆ, ಕಣ್ಣಿನ ಮಟ್ಟಕ್ಕೆ, ಚಿನ್ನದ ಬಣ್ಣದ ಅಕ್ಷರದಲ್ಲಿ ಲ್ಯಾಟಿನ್ ಬರಹವಿದೆ: ‘ಆಲ್ಬೆರ್ತುಸ್ ದುರೆರುಸ್ ನೋರಿಕುಸ್ ಇಪ್ಸುಂ ಮೆ ಪ್ರೊಪ್ರಿಯಿಸ್ ಸಿಕ್ ಎಫಿಂಗೆಬಾಮ್ ಕೊಲೊರಿಬುಸ್’. ಕೊನೆಗೆ ವಯಸ್ಸು, 28.

ನಾನು ಮಾಡಿಕೊಂಡಿರುವ ಕನ್ನಡ ಇದು: ‘ನ್ಯೂರೆಂಬರ್ಗ್‌ನ ಆಲ್ಬ್ರೆಕ್ಟ್ ಡ್ಯೂರರ್ ಆದ ನಾನು ನನ್ನನ್ನೇ ಹೀಗೆ ನನ್ನವೇ ಬಣ್ಣಗಳಿಂದ ರೂಪಿಸುತ್ತಿದ್ದೆ.’

ತೊಡಕಿರುವುದು ‘ಪ್ರೊಪ್ರಿಯಿಸ್’ ಪದದಲ್ಲಿ. ಇದನ್ನು ಕೆಲವರು ‘ಸ್ವಂತ’ ಎನ್ನುತ್ತಾರೆ, ಕೆಲವರು ‘ತಕ್ಕ’ ಎನ್ನುತ್ತಾರೆ. ‘ಎಂದೂ ಮಾಸದ’ ಎಂದು ಅರ್ಥ ಮಾಡುವವರೂ ಇದ್ದಾರೆ. ‘ಮಾಸದ ಬಣ್ಣ’ ಕೇಳಲು ಚೆನ್ನ, ಆದರೆ ಹಾಗೆ ಬರೆದರೆ ಉಳಿದ ಅರ್ಥಗಳೆಲ್ಲ ಹೋಗುತ್ತವೆ. ‘ನನ್ನವೇ ಬಣ್ಣ’ ಎಂದರೆ ಅವನು ಬಳಸಿದ ಬಣ್ಣವೂ ಆಗಬಹುದು, ಅವನ ಮೈಬಣ್ಣವೂ ಆಗಬಹುದು. ಲ್ಯಾಟಿನ್‌ನ ‘ಕೊಲೊರ್’ಗೂ ಈ ಎರಡೂ ಅರ್ಥ ಇದೆ. ಆ ಕಂದು ಗುಂಗುರು ಕೂದಲು, ತುಪ್ಪಳದ ಕಾಲರ್ ಅಂಚನ್ನು ಹಿಡಿದ ಬೆರಳುಗಳು ನೋಡಿದರೆ ಎರಡನ್ನೂ ಬಿಡಲು ಮನಸ್ಸಾಗುವುದಿಲ್ಲ.

ಕ್ರಿಯಾಪದದ ವಿಷಯದಲ್ಲಿ ನನಗೆ ಅನುಮಾನ ಕಡಿಮೆ. ಸುಮ್ನೆ ‘ಚಿತ್ರ ಬರೆದೆ’ ಎನ್ನಬೇಕಿದ್ದರೆ ‘ಪಿಂಗೆರೆ’ ಎಂಬ ಧಾತು ಇತ್ತು. ಅವನು ಬಳಸಿದ್ದು ‘ಎಫಿಂಗೆರೆ’, ಅಂದರೆ ಆಕಾರ ಕೊಡು, ರೂಪಿಸು. ಮುಖವನ್ನು ಹೀಗೆ ನೇರವಾಗಿ, ಎಡಬಲ ಸಮವಾಗಿ ತೋರಿಸುವುದು ಆ ಕಾಲದಲ್ಲಿ ಹೆಚ್ಚಾಗಿ ಕ್ರಿಸ್ತನ ಚಿತ್ರಕ್ಕೆ ಮೀಸಲಾಗಿತ್ತು. ಅಂಥ ಭಂಗಿಯಲ್ಲಿ ತನ್ನನ್ನು ತೋರಿಸಿಕೊಂಡವನ ಸಾಲಿಗೆ ‘ಬರೆದೆ’ ಸಾಲದು.

ಕಾಲವೂ ಮುಖ್ಯ. ‘ರೂಪಿಸಿದೆ’ ಅಲ್ಲ, ‘ರೂಪಿಸುತ್ತಿದ್ದೆ’. ಅಪೆಲಿಸ್‌ನಂಥ ಹಳೆಯ ಗ್ರೀಕ್ ಕಲಾವಿದರು ‘ಅಪೆಲಿಸ್ ಮಾಡುತ್ತಿದ್ದ’ ಎಂದು ಸಹಿ ಹಾಕುತ್ತಿದ್ದರು, ಕೆಲಸ ಇನ್ನೂ ಮುಗಿದಿಲ್ಲ ಎಂಬ ಭಾವದಲ್ಲಿ, ಎಂದು ಪ್ರಾಚೀನ ರೋಮ್‌ನ ಲೇಖಕ ಪ್ಲಿನಿ ಬರೆದಿದ್ದಾನೆ. ಹೆಚ್ಚೂಕಡಿಮೆ ಇದೇ ವರ್ಷಗಳಲ್ಲಿ ರೋಮ್‌ನಲ್ಲಿ ಮೈಕೆಲೆಂಜೆಲೊ ಕೂಡ ‘ಪಿಯೆತಾ’ ಶಿಲ್ಪದ ಮೇಲೆ ‘ಮಾಡುತ್ತಿದ್ದ’ ಎಂದೇ ಕೆತ್ತಿದ. ಹಾಗಾಗಿ ‘ರೂಪಿಸಿದೆ’ ಎಂದು ಯಾರಾದರೂ ತಿದ್ದಿದರೆ ನಾನು ಒಪ್ಪಲಾರೆ.

ಇನ್ನೊಂದು ಮಾತು. 1498ರಲ್ಲಿ ಬರೆದುಕೊಂಡ ಚಿತ್ರದ ಮೇಲೆ (ಅದು ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ) ಡ್ಯೂರರ್ ಜರ್ಮನ್‌ನಲ್ಲೇ, ಪ್ರಾಸ ಹಾಕಿ ಬರೆದಿದ್ದ: ನನ್ನ ರೂಪ ನೋಡಿ ಇದನ್ನು ಬರೆದೆ, ನನಗಾಗ 26 ವರ್ಷ ಎಂದು. ಎರಡೇ ವರ್ಷದಲ್ಲಿ ಮನೆಮಾತು ಬಿಟ್ಟು ವಿದ್ವಾಂಸರ ಭಾಷೆಗೆ ಹೋಗಿದ್ದಾನೆ. ಕನ್ನಡದಲ್ಲೂ ಎರಡು ಸಾಲಿನ ದನಿ ಬೇರೆಯಾಗಿಯೇ ಕೇಳಬೇಕು, ಅಲ್ವಾ? 1498ರದಕ್ಕೆ ಆಡುಮಾತು, 1500ರದಕ್ಕೆ ಸ್ವಲ್ಪ ಗಟ್ಟಿ ಮಾತು ಇಡೋಣ ಅಂದುಕೊಂಡಿದ್ದೇನೆ.

1500ರ ಚಿತ್ರ ಬಹುಕಾಲ ನ್ಯೂರೆಂಬರ್ಗ್‌ನ ಪುರಭವನದಲ್ಲಿತ್ತು. ಪ್ರತಿ ಮಾಡಲು ಒಯ್ದ ಕಲಾವಿದನೊಬ್ಬ ಊರಿಗೆ ಪ್ರತಿಯನ್ನೇ ವಾಪಸ್ ಕೊಟ್ಟು, ಮೂಲವನ್ನು ಮಾರಿದನಂತೆ. ಅದು 1805ರಲ್ಲಿ ಬವೇರಿಯಾದ ಅರಸರ ಸಂಗ್ರಹ ಸೇರಿತು.

ನನ್ನ ಪ್ರಶ್ನೆಗಳು ಇವು. ‘ನನ್ನವೇ ಬಣ್ಣಗಳಿಂದ’ ಎಂದರೆ ಓದುಗರಿಗೆ ಮೈಬಣ್ಣದ ಅರ್ಥವೂ ತಟ್ಟುತ್ತದೆಯೇ, ಇಲ್ಲ ಬರೀ ಪೇಂಟ್ ಎಂದುಕೊಳ್ಳುತ್ತಾರೆಯೇ? ಎರಡನೆಯದು ವಯಸ್ಸು. ಪದಶಃ ನೋಡಿದರೆ ‘ವಯಸ್ಸಿನ 28ನೇ ವರ್ಷದಲ್ಲಿ’ ಎಂದಾಗುತ್ತದೆ. ಆದರೆ ನಮ್ಮಲ್ಲಿ ‘28ನೇ ವರ್ಷ ನಡೀತಿದೆ’ ಅಂದರೆ 27 ತುಂಬಿದೆ ಎಂದರ್ಥ. ಡ್ಯೂರರ್ ಹುಟ್ಟಿದ್ದು 1471ರ ಮೇ 21ರಂದು. 1500ರ ಮೇವರೆಗೆ ಅವನಿಗೆ 28 ತುಂಬಿಯೇ ಇತ್ತು. ಆದ್ದರಿಂದ ‘28ರ ವಯಸ್ಸಿನಲ್ಲಿ’ ಎಂದು ಇಡಲೇ? ಲ್ಯಾಟಿನ್ ಬಲ್ಲವರು ದಯವಿಟ್ಟು ಹೇಳಿ.