ಸೊಂಟದ ಹೊರಬದಿಯ ಸ್ನಾಯುರಜ್ಜು ಹರಿದಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯವೇ?

ಪ್ರಶ್ನೆ:
ನನ್ನ ತಾಯಿಯವರಿಗೆ ಅರವತ್ತು ದಾಟಿದೆ. ಬಲಸೊಂಟದ ಹೊರಬದಿಯಲ್ಲಿ ಬಹುಕಾಲದಿಂದ ನೋವಿದ್ದು, ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಮೊದಲು ಇದನ್ನು ಬರ್ಸೈಟಿಸ್ (ಮೂಳೆಯ ಬಳಿಯ ದ್ರವಚೀಲದ ಉರಿಯೂತ) ಎಂದು ಹೇಳಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರು. ಕೆಲವು ವಾರ ತಗ್ಗಿದ ನೋವು ಮತ್ತೆ ಮರಳಿತು. ಈಗ ಎಂಆರ್‌ಐ ವರದಿಯಲ್ಲಿ ಗ್ಲುಟಿಯಸ್ ಮೀಡಿಯಸ್ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಪಟ್ಟಿ) ಭಾಗಶಃ ಹರಿದಿದೆ ಎಂದಿದೆ. ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೇ?

ಉತ್ತರ 1:
ವರದಿಯಲ್ಲಿರುವ ಪದವೊಂದನ್ನೇ ನೋಡಿ ತೀರ್ಮಾನಿಸಬೇಡಿ. ಗ್ಲುಟಿಯಸ್ ಮೀಡಿಯಸ್ ಮತ್ತು ಮಿನಿಮಸ್ ಸ್ನಾಯುಗಳು ತೊಡೆಮೂಳೆಯ ಮೇಲ್ತುದಿಯ ಹೊರಗಿನ ಉಬ್ಬಿಗೆ ಅಂಟಿಕೊಂಡಿದ್ದು, ನಾವು ಒಂಟಿಕಾಲಿನ ಮೇಲೆ ನಿಂತಾಗ ಸೊಂಟ ಇನ್ನೊಂದು ಬದಿಗೆ ಕುಸಿಯದಂತೆ ಹಿಡಿಯುತ್ತವೆ. ನೋವೇ ಇಲ್ಲದವರ ಎಂಆರ್‌ಐಯಲ್ಲಿಯೂ ಈ ರಜ್ಜುಗಳಲ್ಲಿ ದೋಷ ಕಾಣುವುದುಂಟು. ಆದ್ದರಿಂದ ಚಿತ್ರಕ್ಕಿಂತ ಕೈಯಾರೆ ಮಾಡುವ ಪರೀಕ್ಷೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನೋವಿರುವ ಕಾಲಿನ ಮೇಲೆ 30 ಸೆಕೆಂಡ್ ನಿಂತಾಗ ಅದೇ ಜಾಗದಲ್ಲಿ ನೋವು ಬರುತ್ತದೆಯೇ, ಎದುರು ಬದಿಯ ಸೊಂಟ ಕೆಳಗಿಳಿಯುತ್ತದೆಯೇ, ಮಗ್ಗುಲಾಗಿ ಮಲಗಿ ಕಾಲನ್ನು ಮೇಲೆತ್ತುವ ಬಲವಿದೆಯೇ ಎಂಬುದನ್ನು ವೈದ್ಯರು ನೋಡಿರಬೇಕು. ನೋವು ತೊಡೆಸಂದಿನಲ್ಲಿದ್ದು, ಬಾಗಿ ಕಾಲುಚೀಲ ಹಾಕಿಕೊಳ್ಳುವುದೂ ಕಷ್ಟವಾಗಿದ್ದರೆ ಕೀಲಿನ ಸವೆತವನ್ನು ಶಂಕಿಸಬೇಕಾಗುತ್ತದೆ. ಬೆನ್ನುಹುರಿಯ ಕೆಳಭಾಗದ ನರಗಳಿಂದಲೂ ಇಂಥ ನೋವು ಬರಬಹುದು.

ಪ್ರಶ್ನೆ ಕೇಳಿದವರು:
ಕಾಲುಚೀಲ ಹಾಕಿಕೊಳ್ಳಲು ತೊಂದರೆಯಿಲ್ಲ. ಆದರೆ ಹೆಚ್ಚು ನಡೆದಾಗ ದೇಹ ಬಲಕ್ಕೆ ವಾಲುತ್ತದೆ.

ಉತ್ತರ 2:
ಹಾಗೆ ವಾಲುವುದು ಸ್ನಾಯು ಸೋತಿರುವುದರ ಸೂಚನೆಯಾಗಿರಬಹುದು. ನೋವನ್ನು ತಪ್ಪಿಸಿಕೊಳ್ಳಲೂ ಹಾಗೆ ನಡೆಯುತ್ತಾರೆ. ಭಾಗಶಃ ಹರಿದಿದ್ದಾಗ ಸಾಮಾನ್ಯವಾಗಿ ಫಿಸಿಯೋಥೆರಪಿಯಿಂದಲೇ ಆರಂಭಿಸುತ್ತಾರೆ. ಈ ರಜ್ಜುಗಳ ನೋವಿನ ಬಗ್ಗೆ 2018ರಲ್ಲಿ ಬ್ರಿಟನ್ನಿನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, 204 ಜನರನ್ನೊಳಗೊಂಡ ಅಧ್ಯಯನದಲ್ಲಿ ತಿಳಿವಳಿಕೆ ಮತ್ತು ವ್ಯಾಯಾಮ ಪಡೆದವರಲ್ಲಿ ಎಂಟು ವಾರಗಳ ಹೊತ್ತಿಗೆ ಶೇ. 77ರಷ್ಟು ಮಂದಿ ಸುಧಾರಣೆ ಕಂಡರೆ, ಸ್ಟೀರಾಯ್ಡ್ ಪಡೆದವರಲ್ಲಿ ಆ ಪ್ರಮಾಣ ಶೇ. 58ರಷ್ಟಿತ್ತು. ಇಲ್ಲಿ ತಿಳಿವಳಿಕೆ ಎಂದರೆ ಬರಿಯ ಉಪದೇಶವಲ್ಲ. ಕಾಲಮೇಲೆ ಕಾಲು ಹಾಕಿ ಕೂರದಿರುವುದು, ಒಂದೇ ಸೊಂಟದ ಮೇಲೆ ಭಾರ ಹಾಕಿ ನಿಲ್ಲದಿರುವುದು, ಮಗ್ಗುಲಾಗಿ ಮಲಗುವಾಗ ಮಂಡಿಗಳ ನಡುವೆ ದಿಂಬಿಟ್ಟುಕೊಳ್ಳುವುದು, ಇವೆಲ್ಲ ರಜ್ಜು ಮೂಳೆಗೆ ಒತ್ತಿಕೊಳ್ಳುವುದನ್ನು ತಗ್ಗಿಸುತ್ತವೆ. ಸೊಂಟದ ಹೊರಬದಿಯನ್ನು ಎಳೆದು ಹಿಗ್ಗಿಸುವ ವ್ಯಾಯಾಮವನ್ನು ಹಲವರು ಉತ್ಸಾಹದಿಂದ ಮಾಡುತ್ತಾರೆ, ಅದು ನೋವನ್ನು ಕೆರಳಿಸುವುದೇ ಹೆಚ್ಚು. ಇಂಜೆಕ್ಷನ್‌ಗಳನ್ನು ಮತ್ತೆ ಮತ್ತೆ ತೆಗೆದುಕೊಳ್ಳುವುದೂ ರಜ್ಜಿಗೆ ಒಳ್ಳೆಯದಲ್ಲ.

ಉತ್ತರ 3:
ರಜ್ಜು ಪೂರ್ತಿ ಹರಿದಿದ್ದು ಬಲಹೀನತೆ ಸ್ಪಷ್ಟವಾಗಿದ್ದರೆ, ಅಥವಾ ಕ್ರಮಬದ್ಧ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಿಯೂ ಫಲ ಸಿಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅದರಲ್ಲಿ ರಜ್ಜನ್ನು ಮೂಳೆಯೊಳಗೆ ಕೂರಿಸುವ ಸಣ್ಣ ಮೊಳೆಯಂಥ ಆ್ಯಂಕರ್‌ಗಳ ಮೂಲಕ ಮೂಳೆಗೆ ಮರಳಿ ಹೊಲಿಯುತ್ತಾರೆ. ಸ್ನಾಯುವಿನಲ್ಲಿ ಕೊಬ್ಬು ಎಷ್ಟು ತುಂಬಿಕೊಂಡಿದೆ ಎಂಬುದನ್ನು ಎಂಆರ್‌ಐ ನೋಡಿ ಹೇಳುವಂತೆ ವೈದ್ಯರನ್ನು ಅವಶ್ಯ ಕೇಳಿ, ಏಕೆಂದರೆ ಅದು ಹೆಚ್ಚಿದ್ದಷ್ಟೂ ಹೊಲಿಗೆಯ ಫಲಿತಾಂಶ ಕುಂದುತ್ತದೆ. ಆಮೇಲೆ ಹಲವು ವಾರ ಊರುಗೋಲು ಬೇಕಾಗುತ್ತದೆ, ಬಲ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಸದ್ಯಕ್ಕೆ ನಡೆಯುವಾಗ ಅವರು ಕೋಲನ್ನು ಎಡಗೈಯಲ್ಲಿ ಹಿಡಿಯಲಿ, ಬಲಸೊಂಟದ ಮೇಲಿನ ಹೊರೆ ಇಳಿಯುತ್ತದೆ.