ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳೀತಿಲ್ಲ, ಇಳಿದರೂ ಸಪ್ಪೆ. ಮೋಕಾ ಪಾಟ್ ತಗೊಳ್ಳೋದಾ?

ಅಂತರಗಂಗೆ (ಕೋಲಾರ)

ಮನೇಲಿ ನಾಲ್ಕು ಜನ, ಎರಡು ಹೊತ್ತೂ ಕಾಫಿ ಆಗಬೇಕು. ಸ್ಟೀಲ್ ಫಿಲ್ಟರ್ ಇದೆ, ಮೇಲಿನ ಬಟ್ಟಲಲ್ಲಿ ಸುಮಾರು 350 ಮಿಲಿ ಹಿಡಿಯುತ್ತೆ. ಪುಡಿ ಪ್ಯಾಕೆಟ್‌ದು, ಕಾಫಿ 85, ಚಿಕೋರಿ 15. ನಾಲ್ಕು ದೊಡ್ಡ ಚಮಚ ಪುಡಿ ಹಾಕಿ, ತಟ್ಟೆ ಒತ್ತಿ, ಕುದಿಯೋ ನೀರನ್ನ ಕಂಠದವರೆಗೆ ಹುಯ್ಯೋದು ಕ್ರಮ. ಈಚೆಗೆ ಒಂದೂವರೆ ಗಂಟೆ ಆದರೂ ಅರ್ಧ ನೀರು ಮೇಲೇ ನಿಂತಿರುತ್ತೆ. ಇಳಿದಿದ್ದು ನೋಡೋಕೆ ಕಪ್ಪಗಿದ್ದರೂ ಹಾಲಿಗೆ ಬೆರೆಸಿದರೆ ಸಪ್ಪೆ. ಘಮ ಇಲ್ಲ, ಕೊನೆಯಲ್ಲಿ ನಾಲಿಗೆ ಮೇಲೆ ಸೀಮೆಸುಣ್ಣದಂಥ ರುಚಿ ಉಳಿಯುತ್ತೆ. ನೀರು ಕೊಳವೆ ಬಾವಿದು.

ಇದನ್ನ ಸರಿ ಮಾಡಬಹುದಾ, ಇಲ್ಲ ಮೋಕಾ ಪಾಟ್ (ಒಲೆ ಮೇಲಿಟ್ಟು ಒತ್ತಡದಲ್ಲಿ ನೀರನ್ನ ಪುಡಿ ಮೂಲಕ ಮೇಲೇರಿಸೋ ಪಾತ್ರೆ), ಫ್ರೆಂಚ್ ಪ್ರೆಸ್ (ಪುಡಿ ನೆನೆಸಿ ಜಾಲರಿಯಿಂದ ಕೆಳಗೆ ಒತ್ತೋ ಜಾಡಿ), ಕರೆಂಟ್ ಮೇಕರ್ ಇವುಗಳಲ್ಲಿ ಒಂದಕ್ಕೆ ಹೋಗೋದು ಒಳ್ಳೇದಾ? ಪುಡಿ ಬದಲಾಯಿಸೋದಾದರೆ ಯಾವುದು, ಚಿಕೋರಿ ಎಷ್ಟಿರಬೇಕು?

ಮಂಡಿಪೇಟೆ ಪುಡಿ (ತುಮಕೂರು)

ಮೊದಲು ಅಳತೆ ನೋಡೋಣ. ತಲೆ ತಟ್ಟಿದ ಒಂದು ದೊಡ್ಡ ಚಮಚ ಪುಡಿ 5ರಿಂದ 6 ಗ್ರಾಂ ತೂಗುತ್ತೆ. ನೀವು ಹಾಕ್ತಿರೋದು 24 ಗ್ರಾಂ ಮೀರಲ್ಲ. ನಾಲ್ಕು ಲೋಟ ಕಾಫಿಗೆ ಅದು ಸಾಲೋದೇ ಇಲ್ಲ, ಸಪ್ಪೆ ಅನಿಸೋಕೆ ಅರ್ಧ ಕಾರಣ ಅಲ್ಲೇ ಇದೆ.

ಲೆಕ್ಕ ಹೀಗಿಟ್ಕೊಳ್ಳಿ. ಒಬ್ಬರಿಗೆ 40 ಮಿಲಿ ಗಟ್ಟಿ ಡಿಕಾಕ್ಷನ್, 100 ಮಿಲಿ ಹಾಲು. ನಾಲ್ವರಿಗೆ ಡಿಕಾಕ್ಷನ್ 160 ಮಿಲಿ ಬೇಕು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನ ಕುಡಿದು ಒಳಗೇ ಇಟ್ಕೊಳ್ಳುತ್ತೆ, ಅದು ಕೆಳಗೆ ಬರಲ್ಲ. ಅದಕ್ಕೆ 40 ಗ್ರಾಂ ಪುಡಿಗೆ 240 ಮಿಲಿ ನೀರು ಹಾಕಿ: 80 ಪುಡಿಯಲ್ಲೇ ಉಳಿದು 160 ಇಳಿಯುತ್ತೆ. ಒಂದು ಗ್ರಾಂವರೆಗೆ ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ ಅಡುಗೆಮನೇಲಿ ಇರಲಿ. ಚಮಚದ ಲೆಕ್ಕ ದಿನಕ್ಕೊಂದು ಥರ ಆಗುತ್ತೆ.

ಪುಡಿ ಹಾಕಿದ ಮೇಲೆ ಬಟ್ಟಲನ್ನ ಮೆಲ್ಲಗೆ ಅಲ್ಲಾಡಿಸಿ ಸಮ ಮಾಡಿ. ತಟ್ಟೆಯನ್ನ ಪುಡಿ ಮೇಲೆ ಕೂರಿಸಿದರೆ ಸಾಕು, ಬಲ ಹಾಕಿ ಅದುಮಬೇಡಿ. ಮೊದಲು 50 ಮಿಲಿ ಕುದಿಯೋ ನೀರು ಸುತ್ತ ಬೀಳೋ ಹಾಗೆ ಹುಯ್ದು ಅರ್ಧ ನಿಮಿಷ ಬಿಡಿ. ಪುಡಿ ಉಬ್ಬಿ ಒಳಗಿನ ಗಾಳಿ ಹೋದ ಮೇಲೆ ಉಳಿದ 190 ಮಿಲಿ ತಟ್ಟೆ ಮೇಲೆ ನಿಧಾನಕ್ಕೆ ಹುಯ್ಯಿ. ನೀರು ಕುದಿಸಿ ಒಂದು ನಿಮಿಷ ಆರಿಸಿ ಅಂತ ಹೇಳ್ತಾರಲ್ಲ, ಅದು ಸಮುದ್ರ ಮಟ್ಟದ ಊರಿನವರ ಮಾತು. ಕೋಲಾರ, ತುಮಕೂರು 800 ಮೀಟರ್‌ಗೂ ಮೇಲಿವೆ, ಚಿಕ್ಕಬಳ್ಳಾಪುರ 900 ದಾಟುತ್ತೆ. ನಮ್ಮಲ್ಲಿ ನೀರು ಕುದಿಯೋದೇ 97 ಡಿಗ್ರಿ ಆಸುಪಾಸಿನಲ್ಲಿ. ಆರಿಸೋದು ಬೇಡ, ಒಲೆಯಿಂದ ಇಳಿಸಿ ನೇರ ಹುಯ್ಯಿ.

ಇಷ್ಟು ಮಾಡಿದರೆ 20ರಿಂದ 30 ನಿಮಿಷಕ್ಕೆ ಮುಗೀಬೇಕು. ಐದೇ ನಿಮಿಷಕ್ಕೆ ಇಳಿದುಹೋದರೆ ಪುಡಿ ದಪ್ಪ. ಗಂಟೆ ಹಿಡಿದರೆ ಪುಡಿ ತೀರಾ ನುಣ್ಣಗಿದೆ, ಇಲ್ಲ ತೂತು ಕಟ್ಟಿದೆ.

ಚಿಕೋರಿ ಬಗ್ಗೆ: ಬಿಸಿನೀರಲ್ಲಿ ಕಾಫಿಗಿಂತ ಎಷ್ಟೋ ಹೆಚ್ಚು ಕರಗೋ ಬೇರು ಅದು, ಅದಕ್ಕೇ ಬಣ್ಣ, ಮಂದ ಕೊಡುತ್ತೆ. ಘಮ ಕೊಡಲ್ಲ. 15ರಿಂದ 20 ಇದ್ದರೆ ಹಾಲಿನ ಕಾಫಿಗೆ ಹದ. 30 ದಾಟಿದರೆ ಇಳಿಯೋದೂ ನಿಧಾನ, ಬಾಯಲ್ಲಿ ಸುಟ್ಟ ಸಿಹಿಯೇ ಮುಂದೆ ಬರುತ್ತೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ 51ಕ್ಕಿಂತ ಕಮ್ಮಿ ಇರೋ ಹಾಗಿಲ್ಲ, ಪ್ರಮಾಣವನ್ನ ಪ್ಯಾಕೆಟ್ ಮೇಲೆ ಹಾಕಲೇಬೇಕು. ಬ್ರಾಂಡ್ ಹೆಸರಿಗಿಂತ ಆ ಸಾಲನ್ನ ಮೊದಲು ಓದಿ. ಕೋಥಾಸ್ ಸ್ಪೆಷಲ್ ಬ್ಲೆಂಡ್ 85:15, ನಿಮ್ಮ ಹದಕ್ಕೆ ಹೊಂದುತ್ತೆ. ಬಾಯರ್ಸ್, ಚಿಕ್ಕಮಗಳೂರಿನ ಪಾಂಡುರಂಗ ಕೂಡ ಒಳ್ಳೇವು. ಬ್ರೂ ಇನ್‌ಸ್ಟಂಟ್ 70:30, ನೆಸ್ಕೆಫೆ ಕ್ಲಾಸಿಕ್ ಚಿಕೋರಿ ಇಲ್ಲದ್ದು. ಇವೆರಡೂ ಕರಗೋ ಪುಡಿ, ಫಿಲ್ಟರ್‌ಗೆ ಹಾಕೋದಲ್ಲ.

ಎದುರಲ್ಲೇ ಪುಡಿ ಮಾಡಿಕೊಡೋ ಅಂಗಡಿ ಹತ್ತಿರ ಇದ್ದರೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. 'ಪ್ಲಾಂಟೇಷನ್ ಎ ಅರ್ಧ, ಪೀಬರಿ ಅರ್ಧ, ಕಿಲೋಗೆ 150 ಗ್ರಾಂ ಚಿಕೋರಿ' ಅಂತ ಕೇಳಿ. ಪ್ಲಾಂಟೇಷನ್ ಎ ಅಂದರೆ ದೊಡ್ಡ ಗಾತ್ರದ ಅರೇಬಿಕಾ ಬೀಜ, ಪೀಬರಿ ಅಂದರೆ ಹಣ್ಣಿಗೆ ಒಂದೇ ಇರೋ ದುಂಡು ಬೀಜ. ಇನ್ನೂ ಗಡುಸು ಬೇಕಾದರೆ ಕಾಫಿಯಲ್ಲಿ ಕಾಲು ಭಾಗ ರೊಬಸ್ಟಾ ಸೇರಿಸಿಸಿ. ಬೀಜ ಹುರಿದಿದ್ದು ಯಾವತ್ತು ಅಂತ ಕೇಳೋಕೆ ಸಂಕೋಚ ಬೇಡ. ದಿನಕ್ಕೆ 80 ಗ್ರಾಂ ಖರ್ಚಾಗೋ ಮನೆಗೆ ಅರ್ಧ ಕಿಲೋ ಒಂದು ವಾರ ಬರಲ್ಲ, ಅಷ್ಟೇ ತನ್ನಿ. ಪುಡಿ ಮಾಡಿದ ಕಾಫಿಯ ಘಮ ಎರಡು ವಾರ ತಡೆಯಲ್ಲ.

ಶಿರಾ ಗೇಟ್ (ತುಮಕೂರು)

ಮೇಲಿನ ಬಟ್ಟಲನ್ನ ಬೆಳಕಿಗೆ ಹಿಡಿದು ನೋಡಿ. ತೂತೆಲ್ಲಾ ಒಂದೇ ಸಮ ಕಾಣ್ತಿದೆಯಾ? ಕಟ್ಟಿದ ಕಡೆ ಎರಡು ಥರದ ಕೊಳೆ ಇರುತ್ತೆ, ಎರಡಕ್ಕೂ ಮದ್ದು ಬೇರೆ. ಕಂದು ಬಣ್ಣದ್ದು ಕಾಫಿ ಎಣ್ಣೆ ಮತ್ತು ನುಣ್ಣನೆ ಪುಡಿ. ಬೂದು-ಬಿಳಿ ಪೊರೆ ಗಡಸು ನೀರಿನ ಸುಣ್ಣ.

ಕಂದು ಕೊಳೆಗೆ: ಪೂರ್ತಿ ಸ್ಟೀಲಿನ ಬಟ್ಟಲಾದರೆ ತಳವನ್ನ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿ ಮೇಲೆ ಅರ್ಧ ನಿಮಿಷ ಆಡಿಸಿ. ಒಳಗೆ ಸಿಕ್ಕಿದ ಪುಡಿ ಹೊಗೆಯಾಡಿ ಬೂದಿಯಾಗುತ್ತೆ. ಪೂರ್ತಿ ಆರಿದ ಮೇಲೆ ತಟ್ಟಿ ಉದುರಿಸಿ, ಒಣ ಬ್ರಷ್‌ನಲ್ಲಿ ಉಜ್ಜಿ. ಬಿಸಿ ಇರುವಾಗಲೇ ತಣ್ಣೀರಿಗೆ ಹಾಕಿದರೆ ತಳ ಸೊಟ್ಟಗಾಗುತ್ತೆ. ಸೂಜಿ, ಪಿನ್ನು ಚುಚ್ಚೋದು ಬೇಡ, ತೂತು ದೊಡ್ಡದಾದರೆ ಮತ್ತೆ ಚಿಕ್ಕದಾಗಲ್ಲ, ಚರಟ ಕೆಳಗೆ ಬರೋಕೆ ಶುರುವಾಗುತ್ತೆ.

ಸುಣ್ಣಕ್ಕೆ ಉರಿ ಏನೂ ಮಾಡಲ್ಲ. ಅರ್ಧ ಲೀಟರ್ ಬಿಸಿನೀರಿಗೆ ಒಂದು ಚಮಚ ನಿಂಬೆ ಉಪ್ಪು ಕರಗಿಸಿ ಬಟ್ಟಲು ಮುಳುಗೋ ಹಾಗೆ ಅರ್ಧ ಗಂಟೆ ಇಡಿ. ಸಣ್ಣ ಗುಳ್ಳೆ ಏಳ್ತಿದ್ದರೆ ಸುಣ್ಣ ಕರಗ್ತಿದೆ ಅಂತ ಅರ್ಥ. ಗುಳ್ಳೆ ನಿಂತ ಮೇಲೆ ತೊಳೆದು ಒಮ್ಮೆ ಬರೀ ಬಿಸಿನೀರು ಇಳಿಸಿ.

ಇನ್ನೊಂದು, ಯಾರೂ ಗಮನಿಸದ್ದು: ಎರಡು ಬಟ್ಟಲೂ ಬಿಗಿಯಾಗಿ ಕೂತರೆ ಕೆಳಗಿನ ಗಾಳಿಗೆ ಹೊರಬರೋಕೆ ದಾರಿ ಇರಲ್ಲ. ಗಾಳಿ ಕೆಳಗಿಂದ ತಡೆದು ಹನಿ ನಿಂತುಬಿಡುತ್ತೆ. ಮೇಲಿನ ಬಟ್ಟಲನ್ನ ಒಂಚೂರು ಎತ್ತಿ ಬಿಡಿ. ತಕ್ಷಣ ಇಳಿಯೋಕೆ ಶುರುವಾದರೆ ಪುಡಿ, ತೂತು ಯಾವುದರದೂ ತಪ್ಪಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಮೇಲಿನ ಇಬ್ಬರ ಮಾತೂ ಒಪ್ಪಿದೆ. ಆದರೆ 'ಈಚೆಗೆ' ಅಂತ ಬರೆದಿದ್ದೀರಲ್ಲ, ಅದು ಮುಖ್ಯ. ಪುಡಿ ಅದೇ, ಫಿಲ್ಟರ್ ಅದೇ ಅಂದಮೇಲೆ ಬದಲಾಗಿದ್ದು ನೀರೇ ಇರಬೇಕು. ಮನೆಗೆ ಸಾಫ್ಟ್‌ನರ್ (ಗಡಸು ನೀರನ್ನ ಮೆದು ಮಾಡೋ ಯಂತ್ರ) ಏನಾದರೂ ಹಾಕಿಸಿದ್ದೀರಾ? ಕಾಫಿಗೆ ಯಾವ ನಲ್ಲಿ ನೀರು ಹಿಡೀತೀರಿ?

ಅಂತರಗಂಗೆ (ಕೋಲಾರ)

ಹೌದು. ಓವರ್‌ಹೆಡ್ ಟ್ಯಾಂಕಿಂದ ಇಳಿಯೋ ಪೈಪಿಗೆ ಸಾಫ್ಟ್‌ನರ್ ಇದೆ, ಅಡುಗೆಮನೆ ನಲ್ಲೀಲೂ ಅದೇ ನೀರು. ಕಾಫಿಗೂ ಅದನ್ನೇ ಹಿಡಿಯೋದು. ಕುಡಿಯೋಕೆ ಮಾತ್ರ ಶುದ್ಧ ನೀರಿನ ಘಟಕದ ಕ್ಯಾನ್. ಬಟ್ಟಲು ಬೆಳಕಿಗೆ ಹಿಡಿದೆ, ಅಂಚಿನ ತೂತುಗಳಲ್ಲಿ ಕಂದು ಇದೆ, ಬಿಳಿ ಪೊರೆ ಇಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಹಾಗಾದರೆ ಕಾರಣ ಸಿಕ್ಕಿತು. ಸಾಫ್ಟ್‌ನರ್ ನೀರನ್ನು ಶುದ್ಧ ಮಾಡುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಅದಕ್ಕೇ ಸೋಪು ನೊರೆ ಬರುತ್ತದೆ, ಗೀಸರ್‌ನಲ್ಲಿ ಸುಣ್ಣ ಕಟ್ಟುವುದಿಲ್ಲ. ಆದರೆ ನಮ್ಮ ಕಡೆಯ ಕೊಳವೆ ಬಾವಿ ನೀರಿನಲ್ಲಿ ತುಂಬಿರುವ ಬೈಕಾರ್ಬನೇಟ್ ಹಾಗೇ ಉಳಿಯುತ್ತದೆ, ಈಗ ಸೋಡಿಯಂ ಜತೆ. ಅಂದರೆ ತೆಳುವಾದ ಅಡುಗೆ ಸೋಡಾ ನೀರು. ಅದರಲ್ಲಿ ಕಾಫಿ ಪುಡಿ ಹೆಚ್ಚು ಉಬ್ಬಿ ಒಂದಕ್ಕೊಂದು ಅಂಟಿಕೊಂಡು ನೀರಿನ ದಾರಿ ಮುಚ್ಚುತ್ತದೆ. ಡಿಕಾಕ್ಷನ್ ತಾಸುಗಟ್ಟಲೆ ನಿಲ್ಲುವುದು ಹೀಗೆ. ಜತೆಗೆ ಕಾಫಿಯ ಸಹಜ ಹುಳಿಯನ್ನು ಬೈಕಾರ್ಬನೇಟ್ ಪೂರ್ತಿ ಕೊಂದುಹಾಕುತ್ತದೆ. ನೀವು ಹೇಳಿದ ಸಪ್ಪೆ, ಸೀಮೆಸುಣ್ಣದ ರುಚಿ ಅದೇ. ಸಾಫ್ಟ್‌ನರ್ ಬೇಡ ಎನ್ನುತ್ತಿಲ್ಲ. ಸ್ನಾನಕ್ಕೆ, ಬಟ್ಟೆಗೆ ಒಳ್ಳೆಯದು. ಅಡುಗೆಮನೆಯ ಒಂದು ನಲ್ಲಿಯನ್ನು ಅದರಿಂದ ಬಿಡಿಸಿ.

ಹಾಗೆಂದು ಕೊಳವೆ ಬಾವಿ ನೀರನ್ನು ನೇರವಾಗಿ ಬಳಸಿದರೂ ಕಾಫಿ ಮಂಕಾಗುತ್ತದೆ. ಹತ್ತು ನಿಮಿಷ ಕುದಿಸಿ, ತಣಿಸಿ, ತಳದ ಬಿಳಿ ಬಿಟ್ಟು ಮೇಲಿನ ತಿಳಿ ಬಗ್ಗಿಸಿಕೊಂಡರೆ ಸುಣ್ಣದ ಒಂದು ಭಾಗ ಹೋಗುತ್ತದೆ. ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರು ಇದನ್ನು ನೆನಪಿಡಬೇಕು: ಕುಡಿಯುವ ನೀರಿನ ಮಾನದಂಡದಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5. ಕಾಫಿಯೂ ಕುಡಿಯುವ ನೀರೇ. ಆದ್ದರಿಂದ ಕ್ಯಾನ್ ನೀರನ್ನೇ ಬಳಸಿ.

ಆರ್‌ಒ ನೀರಿನ (ಸೂಕ್ಷ್ಮ ಪೊರೆಯಲ್ಲಿ ಸೋಸಿದ ನೀರು) ಟಿಡಿಎಸ್, ಅಂದರೆ ಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುವ ಕರಗಿದ ಲವಣ, 20-30ಕ್ಕೆ ಇಳಿದಿದ್ದರೆ ಕಾಫಿ ತುಸು ಹರಿತವಾಗಿ, ಮೈಯಿಲ್ಲದ ಹಾಗೆ ಬರುತ್ತದೆ. ಕಾಫಿ ಪರಿಣತರು 150ರ ಆಸುಪಾಸು ಉತ್ತಮ ಎನ್ನುತ್ತಾರೆ. ಚಿಕೋರಿ, ಹಾಲು ಎರಡೂ ಇರುವ ನಮ್ಮ ಕಾಫಿಗೆ 60ರಿಂದ 150 ಇದ್ದರೆ ಸಾಕು. ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಒಟ್ಟು ಲವಣವನ್ನಷ್ಟೇ ತೋರಿಸುತ್ತದೆ. ಸಾಫ್ಟ್‌ನರ್‌ಗೆ ಮೊದಲು, ಆಮೇಲೆ ಎರಡು ಕಡೆ ಅಳೆದರೂ ಅಂಕಿ ಹೆಚ್ಚುಕಡಿಮೆ ಒಂದೇ ಇರುತ್ತದೆ, ಅದರಿಂದ ಮೋಸ ಹೋಗಬೇಡಿ.

ಕೈವಾರ ಕ್ರಾಸ್ (ಚಿಂತಾಮಣಿ)

ಮೋಕಾ ಪಾಟ್ ಬಗ್ಗೆ ಯಾರೂ ಹೇಳಿಲ್ಲ, ಅದನ್ನ ಬಳಸೋರಿಗಾಗಿ ಬರೀತೀನಿ. ಐದಾರು ನಿಮಿಷದಲ್ಲಿ ಆಗುತ್ತೆ ಅನ್ನೋದು ನಿಜ. ಆದರೆ ಅದರಲ್ಲಿ ಪುಡಿಗೆ ಎಂಟರಿಂದ ಹತ್ತು ಪಟ್ಟು ನೀರು, ನಮ್ಮ ಫಿಲ್ಟರ್‌ನಲ್ಲಿ ಆರು ಪಟ್ಟು. ಹಾಗಾಗಿ ಮೋಕಾ ಡಿಕಾಕ್ಷನ್ ತೆಳು. 40ಕ್ಕೆ 100 ಹಾಲು ಅನ್ನೋ ಲೆಕ್ಕ ನಡೆಯಲ್ಲ, 60ಕ್ಕೆ 80 ಮಾಡಬೇಕು. 3 ಕಪ್ ಅಂತ ಬರೆದಿರೋ ಪಾಟ್‌ನಲ್ಲಿ ನಮ್ಮ ಇಬ್ಬರಿಗೆ ಮಾತ್ರ ಸಾಕಾಗುತ್ತೆ. ನಾಲ್ವರಿಗೆ 6 ಕಪ್ಪಿನದೇ ಬೇಕು.

ಕೆಳಗಿನ ಪಾತ್ರೆಗೆ ಬಿಸಿನೀರನ್ನ ಸುರಕ್ಷತಾ ವಾಲ್ವ್‌ಗಿಂತ ಕೆಳಗೇ ನಿಲ್ಲಿಸಿ. ಬುಟ್ಟಿಗೆ ಪುಡಿ ತುಂಬಿ ಬೆರಳಲ್ಲಿ ಸಮ ಮಾಡಿ, ಒತ್ತಲೇಬೇಡಿ. ಸಣ್ಣ ಉರಿ. ಡಿಕಾಕ್ಷನ್ ಬಣ್ಣ ತಿಳಿಯಾಗಿ ಗೊರಗೊರ ಶುರುವಾಗೋ ಹೊತ್ತಿಗೆ ಇಳಿಸಿ, ಆಮೇಲೆ ಬರೋದು ಕಹಿ. ಚಿಕೋರಿ ಪುಡಿ ಇದಕ್ಕೆ ಆಗಿಬರಲ್ಲ: ಉಬ್ಬಿ ದಾರಿ ಕಟ್ಟಿದರೆ ಒತ್ತಡ ವಾಲ್ವ್ ಕಡೆಗೆ ತಿರುಗುತ್ತೆ. ಗಡಸು ನೀರಲ್ಲಿ ಆ ವಾಲ್ವ್‌ಗೇ ಸುಣ್ಣ ಕಟ್ಟಿ ಸಿಕ್ಕಿಕೊಂಡಿದ್ದರೆ ಅಪಾಯ. ತೊಳೆಯುವಾಗಲೆಲ್ಲ ವಾಲ್ವಿನ ಕಡ್ಡಿ ಸಲೀಸಾಗಿ ಆಡ್ತಿದೆಯಾ ನೋಡಿ. ನಮ್ಮ ಗ್ಯಾಸ್ ಒಲೆ ಕಟ್ಟೆ ಅಗಲ, ಚಿಕ್ಕ ಪಾಟ್ ನಿಲ್ಲಲ್ಲ, ಮೇಲಿಡೋಕೆ ಒಂದು ಸಣ್ಣ ಜಾಲರಿ ಬೇಕಾಗುತ್ತೆ.

ಪುಡಿಯ ಹದ ಕೇಳಿದರೆ ಅಂಗಡಿಯವರಿಗೆ ಹೀಗೆ ಹೇಳಿ: ಫಿಲ್ಟರ್‌ಗೆ ಚಿರೋಟಿ ರವೆಯಷ್ಟು, ಫ್ರೆಂಚ್ ಪ್ರೆಸ್‌ಗೆ ಉಪ್ಪಿಟ್ಟಿನ ರವೆಯಷ್ಟು, ಮೋಕಾಗೆ ಎರಡರ ನಡುವೆ ಫಿಲ್ಟರ್ ಕಡೆಗೆ. ಫ್ರೆಂಚ್ ಪ್ರೆಸ್ ಹಾಲಿಲ್ಲದೆ ಕುಡಿಯೋರಿಗೆ: 30 ಗ್ರಾಂ, 500 ಮಿಲಿ, 4 ನಿಮಿಷ. ಅದಕ್ಕೆ ಹಾಲು ಹಾಕಿದರೆ ನೀರು ನೀರು. ಕರೆಂಟ್ ಡ್ರಿಪ್ ಮೇಕರ್‌ಗಳೂ ಹೆಚ್ಚುಕಮ್ಮಿ ಹಾಗೇ. ನಾಲ್ಕು ಜನರ ಹಾಲಿನ ಕಾಫಿಗೆ ಸ್ಟೀಲ್ ಫಿಲ್ಟರ್ ಮೀರಿಸೋದು ಯಾವುದೂ ಇಲ್ಲ ಅನ್ನೋದೇ ನನ್ನ ಅಭಿಪ್ರಾಯ. ಬೆಳಗ್ಗೆ ಆತುರ ಅನ್ನೋರು ರಾತ್ರಿಯೇ ಇಳಿಸಿ ಮುಚ್ಚಿಡಿ. ಬೆಳಗ್ಗೆ ಡಿಕಾಕ್ಷನ್‌ನ ಒಲೆ ಮೇಲೆ ಕುದಿಸಬೇಡಿ, ಪಾತ್ರೆ ಸಮೇತ ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ.

ಹಾಲೂ ಲೆಕ್ಕಕ್ಕೆ ಬರುತ್ತೆ. ನಂದಿನಿ ನೀಲಿ ಪ್ಯಾಕೆಟ್ ಕೊಬ್ಬು 3%, ಶುಭಂ 4.5%. ಕಾಫಿಗೆ ಶುಭಂ ತನ್ನಿ, ನೀರು ಬೆರೆಸದೆ ಒಂದೇ ಉಕ್ಕು ಬಂದ ಕೂಡಲೇ ಬಳಸಿ.

ಅಂತರಗಂಗೆ (ಕೋಲಾರ)

ಕ್ಯಾನ್ ನೀರಲ್ಲಿ, 40 ಗ್ರಾಂ ಪುಡಿ, 240 ಮಿಲಿ ಲೆಕ್ಕದಲ್ಲಿ ಮಾಡಿದೆ. ತೂತು ಇನ್ನೂ ಶುಚಿ ಮಾಡಿಲ್ಲ, ಆದರೂ ಮುಕ್ಕಾಲು ಗಂಟೆಯೊಳಗೆ ಪೂರ್ತಿ ಇಳೀತು. ಸೀಮೆಸುಣ್ಣದ ರುಚಿ ಹೋಗಿದೆ. ಎಲ್ಲರಿಗೂ ಧನ್ಯವಾದ. ಒಂದು ಕೊನೇ ಪ್ರಶ್ನೆ: ಹಳೇ ಹಿತ್ತಾಳೆ ಫಿಲ್ಟರ್ ಒಂದಿದೆ, ಇದಕ್ಕಿಂತ ದೊಡ್ಡದು. ಅದನ್ನೂ ಉರಿ ಮೇಲೆ ಹಿಡಿದು ಶುಚಿ ಮಾಡಬಹುದಾ?

ಶಿರಾ ಗೇಟ್ (ತುಮಕೂರು)

ಬೇಡ. ಹಿತ್ತಾಳೆಗೆ ಒಳಗೆ ಕಲಾಯಿ ಹಾಕಿರುತ್ತಾರೆ, ಅದು ತವರ. 232 ಡಿಗ್ರಿಗೇ ಕರಗುತ್ತೆ, ಗ್ಯಾಸ್ ಉರಿ ಅದನ್ನ ಕ್ಷಣದಲ್ಲಿ ದಾಟುತ್ತೆ. ಕರಗಿದ ತವರ ಹರಿದು ತೂತುಗಳನ್ನೇ ಮುಚ್ಚಿಬಿಡುತ್ತೆ. ಬಿಸಿನೀರು, ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ರಾತ್ರಿ ನೆನೆಸಿ, ಬೆಳಗ್ಗೆ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ. ಹುಣಸೆಹಣ್ಣು ಹೊರಮೈಗೆ ಮಾತ್ರ. ಒಳಗೆ ಬೆಳ್ಳಿ ಬಣ್ಣ ಹೋಗಿ ಹಳದಿ ಕಾಣ್ತಿದ್ದರೆ ಮತ್ತೆ ಕಲಾಯಿ ಹಾಕಿಸೋವರೆಗೆ ಬಳಸಬೇಡಿ. ಕಾಫಿ ಹುಳಿ ಪದಾರ್ಥ, ತಾಮ್ರದ ಅಂಶ ಡಿಕಾಕ್ಷನ್‌ಗೆ ಇಳಿಯುತ್ತೆ. ಕಲಾಯಿ ಹಾಕಿಸಿ ತಂದ ಮೇಲೆ ಮೊದಲು ತೂತುಗಳನ್ನ ಬೆಳಕಿಗೆ ಹಿಡಿದು ನೋಡಿ. ತವರ ತುಂಬಿಕೊಂಡಿದ್ದರೆ ಅಲ್ಲೇ ಹೇಳಿ ಬಿಡಿಸಿಕೊಂಡು ಬನ್ನಿ.