ಅಮೆರಿಕದಲ್ಲಿ ಪ್ರೀ-ಮೆಡ್ ಹಿಡಿದವರಲ್ಲಿ ಬಹಳಷ್ಟು ಮಂದಿ ಡಾಕ್ಟರ್ ಆಗೋದಿಲ್ಲ, ಯಾಕೆ?

ಪ್ರಶ್ನೆ
ನೀಟ್‌ನಲ್ಲಿ ಅಂಕ ಸಾಲದೆ ಸೀಟು ತಪ್ಪೋದು ನಮಗೆಲ್ಲ ಗೊತ್ತಿರೋದೇ. ಅಮೆರಿಕದಲ್ಲಿ ಹಾಗೆ ಒಂದೇ ಪರೀಕ್ಷೆಯಿಂದ ಎಲ್ಲ ತೀರ್ಮಾನ ಆಗೋದಿಲ್ಲವಲ್ಲ, ಆದರೂ ಪ್ರೀ-ಮೆಡ್ (ಡಿಗ್ರಿ ಓದುವಾಗಲೇ ಮೆಡಿಕಲ್ ಸ್ಕೂಲಿಗೆ ಮಾಡಿಕೊಳ್ಳೋ ತಯಾರಿ) ಅಂತ ಹೊರಟವರಲ್ಲಿ ಎಷ್ಟೋ ಜನ ಅರ್ಜಿಯನ್ನೇ ಹಾಕೋದಿಲ್ಲ. ಎಲ್ಲಿ ಎಡವುತ್ತಾರೆ?

ಉತ್ತರ 1
ಮೊದಲ ಎರಡು ವರ್ಷದಲ್ಲೇ. ಪ್ರೀ-ಮೆಡ್ ಅನ್ನೋದು ಪಿಯುಸಿ ತರಹದ ಕೋರ್ಸ್ ಅಲ್ಲ, ಡಿಗ್ರಿಯೂ ಅಲ್ಲ. ಡಿಗ್ರಿಯಲ್ಲಿ ಯಾವ ಮೇಜರ್ (ಮುಖ್ಯ ವಿಷಯ) ಓದಿದರೂ ಜೊತೆಗೆ ಒಂದೊಂದು ವರ್ಷ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಎಲ್ಲಕ್ಕೂ ಲ್ಯಾಬ್, ಮೇಲೆ ಬಯೋಕೆಮಿಸ್ಟ್ರಿ. ಹೈಸ್ಕೂಲಿನಲ್ಲಿ ಬಾಯಿಪಾಠ ನಂಬಿ ಬಂದವರು ಆರ್ಗ್ಯಾನಿಕ್‌ನಲ್ಲಿ ಕುಸಿಯುತ್ತಾರೆ, ಅಲ್ಲಿ ಎಲೆಕ್ಟ್ರಾನ್ ಯಾಕೆ ಆ ಕಡೆಗೇ ಹೋಗುತ್ತೆ ಅಂತ ತಿಳಿದಿರಬೇಕು.

ಬಿದ್ದ ಮೇಲೆ ಏಳೋದು ಯಾಕೆ ಕಷ್ಟ ಅಂತ ಲೆಕ್ಕ ಹಾಕಿ ನೋಡಿ. ಎರಡು ವರ್ಷಕ್ಕೆ 60 ಕ್ರೆಡಿಟ್, ಜಿಪಿಎ (4.0ಕ್ಕೆ ಲೆಕ್ಕ ಹಾಕೋ ಗ್ರೇಡ್ ಸರಾಸರಿ) 3.0. ಮೂರನೇ ವರ್ಷದ 30 ಕ್ರೆಡಿಟ್‌ನಲ್ಲಿ ಪೂರ್ತಿ 4.0 ತೆಗೆದರೂ ಒಟ್ಟು 3.33. ಮೂರನೇ ವರ್ಷ ಮುಗೀತಿದ್ದ ಹಾಗೇ ಅರ್ಜಿ ಹಾಕೋದಾದರೆ ಇಷ್ಟೇ ಕಾಣೋದು. ಎಂಡಿ (ಅಲ್ಲಿ ಡಾಕ್ಟರ್ ಆಗೋ ಮೊದಲ ಪದವಿ, ನಮ್ಮ ಎಂಬಿಬಿಎಸ್ ತರಹ) ಸೀಟು ಪಡೆದವರ ಸರಾಸರಿ 3.8ರ ಹತ್ತಿರ. ಸಿ ಬಂದ ಕೋರ್ಸನ್ನು ಮತ್ತೆ ತೆಗೆದುಕೊಂಡರೆ ಹಳೇ ಗ್ರೇಡ್ ಅಳಿಸುವ ಕಾಲೇಜುಗಳಿವೆ, ಆದರೆ ಎಂಡಿ ಅರ್ಜಿ ಹಾಕೋ ಆಮ್ಕಾಸ್ ಅನ್ನೋ ವ್ಯವಸ್ಥೆ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು.

ಉತ್ತರ 2
ಇದನ್ನು ದಾಟಿದವರಿಗೆ ಎಂಕ್ಯಾಟ್, ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ. ನಾಲ್ಕು ಭಾಗ, ಅಂಕ 472ರಿಂದ 528. ಮಧ್ಯಬಿಂದು 500, ಸೀಟು ಸಿಕ್ಕವರ ಸರಾಸರಿ 511ರ ಮೇಲೆ. ಬಯೋಕೆಮಿಸ್ಟ್ರಿ ಓದದೇ ಬರೆಯೋದು ದೊಡ್ಡ ತಪ್ಪು: ಎರಡು ವಿಜ್ಞಾನ ಭಾಗಗಳಲ್ಲೂ ಸುಮಾರು ಕಾಲು ಭಾಗ ಅದೇ. ಕಾರ್ಸ್ ಅನ್ನೋ ಓದಿನ ಭಾಗಕ್ಕೆ 90 ನಿಮಿಷ, 53 ಪ್ರಶ್ನೆ. ಅದಕ್ಕೆ ಪಠ್ಯವೇ ಇಲ್ಲ, ತಿಂಗಳುಗಟ್ಟಲೆ ದಿನಾ ಓದಬೇಕು.

ಫಲಿತಾಂಶಕ್ಕೆ ಒಂದು ತಿಂಗಳು ಹಿಡಿಯುತ್ತೆ. ಅರ್ಜಿ ಸಲ್ಲಿಕೆ ಮೇ ಕೊನೆಗೆ ಶುರು, ಬಂದ ಹಾಗೆ ಇಂಟರ್‌ವ್ಯೂಗೆ ಕರೀತಾರೆ. ಆಗಸ್ಟ್‌ನಲ್ಲಿ ಎಂಕ್ಯಾಟ್ ಬರೆದವರ ಕಡತ ಪೂರ್ತಿಯಾಗೋ ಹೊತ್ತಿಗೆ ಎಷ್ಟೋ ಇಂಟರ್‌ವ್ಯೂ ಜಾಗ ತುಂಬಿರುತ್ತೆ. ವರ್ಷಕ್ಕೆ ಅರ್ಜಿದಾರರು 50 ಸಾವಿರದ ಮೇಲೆ, ಎಂಡಿಗೆ ಸೇರೋರು ಸುಮಾರು 23 ಸಾವಿರ.

ಉತ್ತರ 3
ನಮ್ಮ ಕನ್ನಡದ ಮನೆಗಳಲ್ಲಿ ತಡವಾಗಿ ಗೊತ್ತಾಗೋ ಒಂದು ವಿಷಯ: ವೀಸಾ. ಎಚ್-4ನಲ್ಲಿ (ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಸಿಗೋ ವೀಸಾ) ಬೆಳೆದ ಮಗು 21 ತುಂಬುತ್ತಲೇ ಅದರಿಂದ ಹೊರಗೆ. ಅಪ್ಪ-ಅಮ್ಮನ ಗ್ರೀನ್ ಕಾರ್ಡ್ ಸಾಲು ಅಷ್ಟರಲ್ಲಿ ಮುಗಿದಿರೋದಿಲ್ಲ. ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾದರೆ ಬಹುತೇಕ ಮೆಡಿಕಲ್ ಸ್ಕೂಲುಗಳ ಬಾಗಿಲೇ ಮುಚ್ಚಿರುತ್ತೆ, ಅಂಕ ಎಷ್ಟೇ ಇರಲಿ. ಕಾಲೇಜು ಆರಿಸೋ ಮೊದಲೇ ಒಂದೊಂದು ಸ್ಕೂಲಿನ ನಿಯಮ ನೋಡಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು
3.3 ಇದ್ದವರಿಗೆ ದಾರಿಯೇ ಇಲ್ಲವೇ?

ಉತ್ತರ 1
ಇದೆ. ಅವಸರ ಬೇಡ. ನಾಲ್ಕನೇ ವರ್ಷವನ್ನೂ 4.0ರಲ್ಲಿ ಮುಗಿಸಿದರೆ ಒಟ್ಟು 3.5. ಡಿಗ್ರಿ ಆದ ಮೇಲೆ ಒಂದೆರಡು ಗ್ಯಾಪ್ ವರ್ಷ ತೆಗೆದುಕೊಳ್ಳೋದು ಅಲ್ಲೀಗ ಮಾಮೂಲು. ಆ ಹೊತ್ತಲ್ಲಿ ಪೋಸ್ಟ್-ಬ್ಯಾಕ್ (ಡಿಗ್ರಿ ನಂತರ ಓದೋ) ವಿಜ್ಞಾನ ಕೋರ್ಸುಗಳು, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೆಲಸ, ಆಮೇಲೆ ಎಂಕ್ಯಾಟ್. ಡಿಒ (ಆಸ್ಟಿಯೋಪತಿಕ್ ಮೆಡಿಸಿನ್ ಅನ್ನೋ ಇನ್ನೊಂದು ವೈದ್ಯ ಪದವಿ) ಸ್ಕೂಲುಗಳಿಗೂ ಹಾಕಿ. ಡಿಒ ಆದವರು 50 ರಾಜ್ಯಗಳಲ್ಲೂ ಪೂರ್ಣ ಪ್ರಮಾಣದ ವೈದ್ಯರು, 2020ರಿಂದ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಮಾನ್ಯತೆಯೂ ಎಂಡಿಯವರ ಜೊತೆ ಒಂದೇ.

ಉತ್ತರ 2
ಶಿಫಾರಸು ಪತ್ರ ಮರೀಬೇಡಿ. ಸಾಮಾನ್ಯವಾಗಿ ಇಬ್ಬರು ವಿಜ್ಞಾನ ಪ್ರೊಫೆಸರ್‌ಗಳದ್ದು ಕೇಳ್ತಾರೆ. ನೂರಾರು ಜನರ ಕ್ಲಾಸಿನಲ್ಲಿ ಹಿಂದೆ ಕೂತವರಿಗೆ ಬರೆಯೋರೇ ಸಿಗೋದಿಲ್ಲ. ಎರಡನೇ ವರ್ಷದಿಂದಲೇ ಆಫೀಸ್ ಅವರ್ಸ್‌ಗೆ (ಪ್ರೊಫೆಸರ್ ವಿದ್ಯಾರ್ಥಿಗಳಿಗಾಗಿ ಇಡೋ ಸಮಯ) ಹೋಗ್ತಿರಬೇಕು.